ಬಾಗಿಲಿಲ್ಲದ ಅಂಗಡಿಗೆ ಸುಂಕದ ಕಟ್ಟೆ

ಸಂಪಾದಕರಿಗೆ,

ಮಾನ್ಯರೇ,

ಮದ್ಯಕ್ಕೆ, ಸಿಗರೇಟಿಗೆ ಹಾಕುವ ಹಾಗೆ ಅಶ್ಲೀಲ ವಿಡಿಯೊಗಳ ಮೇಲೂ ಸರ್ಕಾರ ವಿಶೇಷ ತೆರಿಗೆ ಹಾಕಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅಮೆರಿಕದ ಅಲಬಾಮ ರಾಜ್ಯ 10% ತೆರಿಗೆ ತಂದ ಮೇಲೆ ‘ಅಲ್ಲಿ ಆಗುವುದು ಇಲ್ಲಿ ಏಕಾಗದು?’ ಎನ್ನುವವರೂ ಇದ್ದಾರೆ. ಅವರ ಕಾಳಜಿಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ರಿಟರ್ನ್, ನೋಟಿಸು, ಮೇಲ್ಮನವಿಗಳ ನಡುವೆಯೇ ದಿನ ಕಳೆಯುವವರಿಗೆ ಈ ಸಲಹೆ ಕೇಳಿದ ಕೂಡಲೇ ಏಳುವ ಪ್ರಶ್ನೆ ಬೇರೆ. ಯಾರಿಂದ ವಸೂಲಿ? ಯಾವ ಮೊತ್ತದ ಮೇಲೆ? ದುಡ್ಡು ಎಲ್ಲಿ ಕೈ ಬದಲಾಯಿಸುವಾಗ?

ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರಿನಲ್ಲೇ ಉತ್ತರದ ಅರ್ಧ ಇದೆ. ಗಾಡಿ ಹಾದುಹೋಗಲೇಬೇಕಾದ ಕಡೆ ಕಟ್ಟೆ ಹಾಕಿದರೆ ಸುಂಕ ಹುಟ್ಟುತ್ತದೆ. ಪಕ್ಕದಲ್ಲಿ ಪುಕ್ಕಟೆ ಬಯಲು ಬಿದ್ದಿದ್ದರೆ ಕಟ್ಟೆಯಲ್ಲಿ ಕೂತವನು ನೊಣ ಹೊಡೆಯಬೇಕಷ್ಟೆ.

ಈ ವಿಡಿಯೊಗಳಿಗೆ ಈಗ ತೆರಿಗೆಯೇ ಇಲ್ಲ ಎಂದುಕೊಂಡವರು ಬಹಳ. ಇದೆ, 18% ಇದೆ. ಹೊರದೇಶದ ಜಾಲತಾಣವೊಂದು ಭಾರತದಲ್ಲಿರುವ ವೀಕ್ಷಕನಿಂದ ಚಂದಾ ಪಡೆದು ವಿಡಿಯೊ ತೋರಿಸಿದರೆ ಅದು ಐಜಿಎಸ್‌ಟಿ (ಗಡಿ ದಾಟುವ ವ್ಯವಹಾರಗಳ ಜಿಎಸ್‌ಟಿ) ಕಾಯ್ದೆಯ ಪ್ರಕಾರ ಒಐಡಿಎಆರ್ ಸೇವೆ, ಅಂದರೆ ಅಂತರ್ಜಾಲದಲ್ಲೇ ತಲುಪಿಸುವ ಸೇವೆ, ನಮ್ಮವರ ಬಾಯಲ್ಲಿ ‘ಓಯ್ಡಾರ್’. 2016ರ ಡಿಸೆಂಬರ್ 1ರಿಂದ ಇದಕ್ಕೆ ಸೇವಾ ತೆರಿಗೆ ಇತ್ತು, 2017ರ ಜುಲೈ 1ರಿಂದ ಜಿಎಸ್‌ಟಿ. ಇಲ್ಲಿನ ಸೇವಾದಾರರಿಗಿರುವ 20 ಲಕ್ಷದ ವಿನಾಯಿತಿ ಮಿತಿ ಇವರಿಗಿಲ್ಲ. ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯ. ಆರ್‌ಇಜಿ-10 ಎಂಬ ಅರ್ಜಿ ಹಾಕಬೇಕು, ಪ್ರತಿ ತಿಂಗಳ ಲೆಕ್ಕವನ್ನು ಮುಂದಿನ ತಿಂಗಳ 20ರೊಳಗೆ ಜಿಎಸ್‌ಟಿಆರ್-5ಎ ರಿಟರ್ನ್‌ನಲ್ಲಿ ಕೊಟ್ಟು ದುಡ್ಡು ಕಟ್ಟಬೇಕು. ಇಂಥ ವಿದೇಶಿ ಸೇವಾದಾರರಿಗೆ ನೋಂದಣಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ 2017ರಲ್ಲಿ ಕೊಟ್ಟದ್ದು ಬೆಂಗಳೂರು ಪಶ್ಚಿಮದ ಪ್ರಧಾನ ಕಮಿಷನರ್‌ಗೆ. ಅಂದರೆ ನಾವು ಚರ್ಚಿಸುತ್ತಿರುವ ಕಡತ ಇರುವುದು ನಮ್ಮ ಊರಲ್ಲೇ.

ವೀಕ್ಷಕ ಭಾರತದಲ್ಲಿದ್ದಾನೆ ಎಂದು ಅಮೆರಿಕದ ಕಂಪನಿಗೆ ಗೊತ್ತಾಗುವುದು ಹೇಗೆ? ಐಜಿಎಸ್‌ಟಿ ಕಾಯ್ದೆಯ 13(12)ನೇ ಸೆಕ್ಷನ್ ಏಳು ಗುರುತು ಕೊಡುತ್ತದೆ: ವೀಕ್ಷಕ ಕೊಟ್ಟ ವಿಳಾಸ, ಕಾರ್ಡ್ ಯಾವ ದೇಶದ್ದು ಎಂಬುದು, ಬಿಲ್ಲಿನ ವಿಳಾಸ, ಸಾಧನದ ಐಪಿ ವಿಳಾಸ, ದುಡ್ಡು ಹೊರಟ ಬ್ಯಾಂಕ್ ಖಾತೆ, ಸಿಮ್‌ನ ದೇಶದ ಕೋಡ್, ಸ್ಥಿರ ದೂರವಾಣಿ ಇರುವ ಜಾಗ. ಇವುಗಳಲ್ಲಿ ಒಂದಕ್ಕೊಂದು ವಿರೋಧವಿಲ್ಲದ ಯಾವುದಾದರೂ ಎರಡು ಭಾರತದತ್ತ ಬೊಟ್ಟು ಮಾಡಿದರೆ ಸಾಕು. ವಿಪಿಎನ್ ಹಾಕಿದವನು ಮುಚ್ಚಬಲ್ಲದ್ದು ಐಪಿ ಒಂದನ್ನೇ. ಕಾರ್ಡೂ ಬ್ಯಾಂಕೂ ಸಿಮ್ಮೂ ಇಲ್ಲಿಯವೇ ಆಗಿರುತ್ತವೆ. ಕಾನೂನಿನ ಈ ಭಾಗ ಗಟ್ಟಿಯಾಗಿಯೇ ಇದೆ.

ದರ ಏರಿಸುವುದೂ ಕಷ್ಟವಲ್ಲ. 2025ರ ಸೆಪ್ಟೆಂಬರ್ 22ರಿಂದ 40% ಎಂಬ ಹೊಸ ಮೆಟ್ಟಿಲಿದೆ. ಕೋಲಾ, ರೇಸ್ ಕ್ಲಬ್, ಚಿನ್ನಸ್ವಾಮಿ ಕ್ರೀಡಾಂಗಣದ ಐಪಿಎಲ್ ಟಿಕೆಟ್ ಎಲ್ಲ ಅಲ್ಲಿವೆ. ಜಿಎಸ್‌ಟಿ ಮಂಡಳಿಯ ಶಿಫಾರಸಿನ ಮೇಲೆ ದರದ ಅಧಿಸೂಚನೆಯಲ್ಲಿ ಒಂದು ಸಾಲು ಸೇರಿಸಿದರೆ ಮುಗಿಯಿತು. 1,000 ರೂಪಾಯಿ ಚಂದಾಕ್ಕೆ ಈಗಿನ 180 ರೂಪಾಯಿ 400 ಆಗುತ್ತದೆ. ತೆರಿಗೆ ಸೇರಿಯೇ 1,000 ಎಂದು ಬೆಲೆ ಕಟ್ಟಿದ ತಾಣವಾದರೆ ಈಗ ಸರ್ಕಾರಕ್ಕೆ 152.54 ರೂಪಾಯಿ, ಆಮೇಲೆ 285.71.

ಲೆಕ್ಕ ಚೆನ್ನಾಗಿದೆ. ಚಂದಾ ಕಟ್ಟಿ ನೋಡುವವರು ಎಷ್ಟು ಮಂದಿ ಎಂಬಲ್ಲಿ ಇದು ಕುಸಿಯುತ್ತದೆ.

ಜಿಎಸ್‌ಟಿ ನಿಂತಿರುವುದು ‘ಪ್ರತಿಫಲ’ ಎಂಬ ಪದದ ಮೇಲೆ. ಕೊಟ್ಟವನಿಗೂ ಪಡೆದವನಿಗೂ ನಡುವೆ ದುಡ್ಡು ಓಡಾಡಿದರೆ ಮಾತ್ರ ಅದು ತೆರಿಗೆಗೆ ಒಳಪಡುವ ಪೂರೈಕೆ. ದೊಡ್ಡ ದೊಡ್ಡ ಅಶ್ಲೀಲ ತಾಣಗಳ ಬಾಗಿಲು ಪುಕ್ಕಟೆ ತೆರೆದಿರುತ್ತದೆ. ವೀಕ್ಷಕ ಏನನ್ನೂ ಕೊಡುವುದಿಲ್ಲ, ಹಾಗಾಗಿ ಅವನ ಮಟ್ಟಿಗೆ ತೆರಿಗೆ ಸೊನ್ನೆ. 18% ಇರಲಿ 40% ಇರಲಿ, ಸೊನ್ನೆಯ ಮೇಲೆ ಎಷ್ಟು ಹಾಕಿದರೂ ಸೊನ್ನೆಯೇ. ತಾಣಕ್ಕೆ ದುಡ್ಡು ಬರುವುದು ವಿಡಿಯೊ ಪಕ್ಕದಲ್ಲಿ ಮಿನುಗುವ ಜಾಹೀರಾತುಗಳಿಂದ: ಬೆಟ್ಟಿಂಗ್ ಆ್ಯಪ್, ಶಕ್ತಿವರ್ಧಕ ಗುಳಿಗೆ, ಲೈವ್ ಚಾಟ್. ಜಾಹೀರಾತು ಕೊಟ್ಟವನು ಹೊರದೇಶವೊಂದರಲ್ಲಿ, ತಾಣ ಇನ್ನೊಂದು ಹೊರದೇಶದಲ್ಲಿ. ಜಾಹೀರಾತು ಸೇವೆಯ ‘ಪೂರೈಕೆಯ ಸ್ಥಳ’ ಅದನ್ನು ಕೊಂಡವನಿರುವ ಜಾಗ ಎಂದು ಅದೇ 13ನೇ ಸೆಕ್ಷನ್ ಹೇಳುವುದರಿಂದ, ಯಲಹಂಕದ ಹುಡುಗನ ಕಣ್ಣನ್ನು ಮಾರಿ ಬಂದ ಹಣದಲ್ಲಿ ಭಾರತಕ್ಕೆ ಬಿಡಿಗಾಸೂ ಇಲ್ಲ.

ಹೀಗಿರುವಾಗ ವಿಶೇಷ ತೆರಿಗೆ ಯಾರಿಗೆ ತಟ್ಟುತ್ತದೆ? ಚಂದಾ ಪಡೆದು, ವಯಸ್ಸು ಪರಿಶೀಲಿಸಿ, ನಟಿಸಿದವರ ಒಪ್ಪಿಗೆ ಪತ್ರ ಇಟ್ಟುಕೊಂಡು, ನೋಂದಣಿ ಮಾಡಿಸಿದ ಬೆರಳೆಣಿಕೆಯ ತಾಣಗಳಿಗೆ. ಕದ್ದ ವಿಡಿಯೊ, ಗೆಳತಿಗೆ ತಿಳಿಯದೆ ತೆಗೆದ ವಿಡಿಯೊ, ಟೆಲಿಗ್ರಾಂ ಗುಂಪಿನ ಕಂತೆ, ಇವುಗಳಿಗೆ ಏನೂ ಆಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಬರೆ ಬಿದ್ದ ಮೇಲೆ ಚಂದಾದಾರನೂ ಪುಕ್ಕಟೆ ತಾಣಕ್ಕೇ ಹೋಗುತ್ತಾನೆ.

ಹೊರದೇಶಗಳಲ್ಲಿ ಈ ತೆರಿಗೆ ಎಲ್ಲಿ ನಿಂತಿದೆ ಎಂದು ನೋಡಿದರೆ ಇದೇ ಮಾತು ಇನ್ನೊಂದು ದಿಕ್ಕಿನಿಂದ ಕಾಣುತ್ತದೆ. ಅಮೆರಿಕದ ಟೆಕ್ಸಸ್ 2007ರಲ್ಲಿ, ಮದ್ಯ ಸಿಗುವ ಬೆತ್ತಲೆ ನೃತ್ಯದ ಕ್ಲಬ್‌ಗಳಿಗೆ ಒಳಹೊಕ್ಕ ಪ್ರತಿ ಗಿರಾಕಿಗೆ 5 ಡಾಲರ್ ಹಾಕಿತು. ಆ ರಾಜ್ಯದ ಸುಪ್ರೀಂ ಕೋರ್ಟ್ 2011ರಲ್ಲಿ ಅದನ್ನು ಎತ್ತಿಹಿಡಿಯಿತು. ಯೂಟಾ ರಾಜ್ಯ 2004ರಲ್ಲಿ ಇಂಥ ವ್ಯಾಪಾರಗಳಿಗೆ 10% ಹಾಕಿತು, 2009ರಲ್ಲಿ ಕೋರ್ಟಿನಲ್ಲೂ ಅದು ಬಹುಪಾಲು ಉಳಿಯಿತು. ಫ್ರಾನ್ಸ್ 1975ರ ಕೊನೆಯಲ್ಲಿ ಅಶ್ಲೀಲ ಸಿನಿಮಾಗಳಿಗೆ ಹೆಚ್ಚಿನ ದರದ ವ್ಯಾಟ್ ಜೊತೆಗೆ ಲಾಭದ ಮೇಲೆ 20% ಲೆವಿ ಹೇರಿತು. ಆ ಸಿನಿಮಾ ತೋರಿಸುತ್ತಿದ್ದ ಥಿಯೇಟರ್‌ಗಳು ಕಾಲಕ್ರಮದಲ್ಲಿ ಒಂದೊಂದಾಗಿ ಮುಚ್ಚಿದವು, ವಿಡಿಯೊ ಕ್ಯಾಸೆಟ್ಟೂ ಅದಕ್ಕೆ ಕೈಹಾಕಿತು. ಮೂರರಲ್ಲೂ ಒಂದು ಬಾಗಿಲಿತ್ತು, ಬಾಗಿಲಲ್ಲಿ ದುಡ್ಡು ಎಣಿಸುವವನಿದ್ದ. ಮೆಜೆಸ್ಟಿಕ್ ಸುತ್ತಿನ ಟಾಕೀಸುಗಳಲ್ಲಿ ಬೆಳಗಿನ ಆಟಕ್ಕೆ ‘ವಯಸ್ಕರಿಗೆ ಮಾತ್ರ’ ಪೋಸ್ಟರ್ ಅಂಟಿಸುತ್ತಿದ್ದ ಕಾಲದಲ್ಲಿ ನಮ್ಮ 1958ರ ಮನರಂಜನಾ ತೆರಿಗೆ ಕಾಯ್ದೆಯೂ ಟಿಕೆಟ್ ಕಿಟಕಿಯಲ್ಲೇ ಕೆಲಸ ಮಾಡುತ್ತಿತ್ತು. ಅಲಬಾಮದ 10% ಕೂಡ ಆ ರಾಜ್ಯದೊಳಗೆ ತಯಾರಾದ, ಮಾರಿದ, ಅಲ್ಲೇ ನೆಲೆಯಿರುವ ಸರಕಿನ ಗಳಿಕೆಯ ಮೇಲೆ. ಅಲ್ಲಿ ಆಯಿತು ಎನ್ನುವವರು ಕಾಯ್ದೆಯ ಈ ಪದಗಳನ್ನೊಮ್ಮೆ ಓದಬೇಕು.

ಇನ್ನು ವ್ಯಾಖ್ಯಾನ. ಇದು ನ್ಯಾಯಾಲಯದ ತಲೆನೋವು ಎನ್ನುತ್ತಾರೆ. ಮೊದಲು ಬಿಸಿ ತಟ್ಟುವುದು ಇನ್‌ವಾಯ್ಸ್ ಹಾಕುವವನಿಗೆ. ಸೇವೆಗಳ ಕೋಡ್ ಪಟ್ಟಿಯಲ್ಲಿ ಆನ್‌ಲೈನ್ ವಿಡಿಯೊಗೆ 998433 ಎಂಬ ಒಂದೇ ಸಂಖ್ಯೆ. ಭಜನೆ ವಿಡಿಯೊಗೂ ಅದೇ, ಬೆತ್ತಲೆ ವಿಡಿಯೊಗೂ ಅದೇ. ಇದನ್ನು ಸೀಳಿ ‘ಅಶ್ಲೀಲವಾದದ್ದು’ ಎಂಬ ಉಪಸಾಲು ಬರೆದರೆ, ಯಾವುದು ಅಶ್ಲೀಲ ಎಂದು ಮಾರುವವನೇ ತೀರ್ಮಾನಿಸಬೇಕು. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಳೆಯ ಇಂಗ್ಲಿಷ್ ಅಳತೆಗೋಲು ಬಿಟ್ಟು, ಸಮಾಜದ ಈಗಿನ ಮಾನದಂಡದಿಂದ ಇಡೀ ಕೃತಿಯನ್ನು ನೋಡಬೇಕು ಎಂದಿತು. ಜಡ್ಜ್‌ಗೆ ಅದು ಸರಿ. ರಾತ್ರಿ ಹನ್ನೊಂದಕ್ಕೆ ರಿಟರ್ನ್ ತುಂಬಿಸುವ ಗುಮಾಸ್ತ ಯಾವ ಮಾನದಂಡ ಹಿಡಿಯಬೇಕು? ಅವನು 998439, ಅಂದರೆ ‘ಇತರೆ’ ಎಂದು ಹಾಕಿ 18% ಕಟ್ಟಿ ಮಲಗುತ್ತಾನೆ. ಒಂದೇ ತಾಣದಲ್ಲಿ ಅಡುಗೆ ಕಲಿಸುವವರೂ ವ್ಯಾಯಾಮ ಹೇಳಿಕೊಡುವವರೂ ಬಟ್ಟೆ ಬಿಚ್ಚುವವರೂ ಇದ್ದು ಎಲ್ಲಕ್ಕೂ ಒಂದೇ ಚಂದಾ ಆಗಿದ್ದರೆ, ಸಿಜಿಎಸ್‌ಟಿ (ಕೇಂದ್ರ ಜಿಎಸ್‌ಟಿ) ಕಾಯ್ದೆಯ 8ನೇ ಸೆಕ್ಷನ್‌ನ ‘ಮಿಶ್ರ ಪೂರೈಕೆ’ ನಿಯಮದಂತೆ ಇಡೀ ಮೊತ್ತಕ್ಕೆ ಮೇಲಿನ ದರ. ಬಿಸಿಬೇಳೆಬಾತಿಗೂ 40%. ಚಂದಾ ಬಿಡಿಬಿಡಿಯಾಗಿದ್ದರೆ ಬೇರೆ ಮಾತು, ಆಗ ತಾಣಗಳು ಬಿಡಿಸಿಯೇ ಬಿಲ್ ಹಾಕುತ್ತವೆ.

ವ್ಯಾಖ್ಯಾನ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನದೇ ಒಂದು ಗೇಮಿಂಗ್ ಕಂಪನಿಗೆ 2022ರಲ್ಲಿ ಸುಮಾರು 21,000 ಕೋಟಿ ರೂಪಾಯಿಯ ನೋಟಿಸ್ ಹೋಯಿತು. ‘ಕೌಶಲದ ಆಟವೋ ಜೂಜೋ’ ಎಂಬುದೇ ಜಗಳ. 2023ರ ಮೇನಲ್ಲಿ ಹೈಕೋರ್ಟ್ ನೋಟಿಸ್ ರದ್ದು ಮಾಡಿತು, ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೇ ತಡೆ ಕೊಟ್ಟಿತು. ಅಕ್ಟೋಬರ್ 1ರಿಂದ ಆನ್‌ಲೈನ್ ಗೇಮಿಂಗ್‌ಗೆ ನೇರವಾಗಿ 28% ಬಂತು. 2025ರ ಆಗಸ್ಟ್‌ನಲ್ಲಿ ದುಡ್ಡಿನ ಆಟಗಳನ್ನೇ ನಿಷೇಧಿಸುವ ಕಾಯ್ದೆ ಬಂತು. ಎರಡು ವರ್ಷದಲ್ಲಿ ತೆರಿಗೆಯಿಂದ ನಿಷೇಧಕ್ಕೆ. ಅಶ್ಲೀಲ ವಿಡಿಯೊದ ವಿಷಯದಲ್ಲಿ ನಾವು ಉಲ್ಟಾ ದಾರಿ ಹಿಡಿಯಲು ಹೊರಟಿದ್ದೇವೆ: ಮೊದಲು ನಿಷೇಧ, ಆಮೇಲೆ ತೆರಿಗೆ.

ನಿಷೇಧ ಎಂದದ್ದು ಸುಮ್ಮನೆ ಅಲ್ಲ. ವಯಸ್ಕರು ಮನೆಯಲ್ಲಿ ಕೂತು ನೋಡುವುದು ನಮ್ಮಲ್ಲಿ ಅಪರಾಧವಲ್ಲ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಪ್ರಕಾರ ಇಂಥದ್ದನ್ನು ಪ್ರಕಟಿಸುವುದು, ರವಾನಿಸುವುದು ಅಪರಾಧ. ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. (ಮಕ್ಕಳನ್ನು ಬಳಸಿದ ದೃಶ್ಯಗಳ ಮಾತೇ ಬೇರೆ. ಅವನ್ನು ಫೋನಿನಲ್ಲಿ ಇಟ್ಟುಕೊಂಡು ನೋಡುವುದೂ ಅಪರಾಧ ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರಂದು ಸ್ಪಷ್ಟಪಡಿಸಿದೆ. ಅದು ತೆರಿಗೆಯ ಚರ್ಚೆಯೊಳಗೆ ಬರಲೇಕೂಡದು.) ತೆರಿಗೆ ಕಾನೂನಿಗೆ ಮಡಿ ಮೈಲಿಗೆ ಇಲ್ಲ ಎಂಬುದು ನಿಜ. 1980ರ ಪಿಯಾರಾ ಸಿಂಗ್ ಪ್ರಕರಣದಲ್ಲಿ ಕಳ್ಳಸಾಗಣೆದಾರನಿಂದ ಮುಟ್ಟುಗೋಲಾದ ಹಣವನ್ನೂ ಅವನ ವ್ಯಾಪಾರದ ನಷ್ಟ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆಕಳು ಕಪ್ಪಾದರೆ ಹಾಲು ಕಪ್ಪೇ? ಆದಾಯ ತೆರಿಗೆಯ ಮಟ್ಟಿಗೆ ಈ ಗಾದೆ ನಡೆಯುತ್ತದೆ. ‘ಅಶ್ಲೀಲ ವಿಡಿಯೊ ಮಾರಾಟ’ ಎಂದೇ ಹೆಸರಿಟ್ಟ ತೆರಿಗೆ ಸಾಲು ಹಾಗಲ್ಲ. ಕೋರಮಂಗಲದಲ್ಲಿ ಕೂತು ವಿಡಿಯೊ ಮಾಡುವವರು ಆ ಸಾಲಿನಲ್ಲಿ ಒಂದು ಅಂಕಿ ತುಂಬಿದರೂ 67ಎ ಅಡಿ ತಪ್ಪೊಪ್ಪಿಗೆ ಬರೆದುಕೊಟ್ಟಂತೆ. ಆರೋಪಿಯನ್ನು ತನ್ನ ವಿರುದ್ಧವೇ ಸಾಕ್ಷಿ ಹೇಳಲು ಒತ್ತಾಯಿಸಬಾರದು ಎನ್ನುವ ಸಂವಿಧಾನದ 20(3)ನೇ ವಿಧಿಯ ಪ್ರಶ್ನೆ ಅಲ್ಲಿಯೇ ಏಳುತ್ತದೆ. ಅಮೆರಿಕದಲ್ಲಿ ಇದು ನಡೆದುಹೋಗಿದೆ: ಬೆಟ್ಟಿಂಗ್ ನಡೆಸುವವರು ಹೆಸರು ನೋಂದಾಯಿಸಿ ತೆರಿಗೆ ಕಟ್ಟಬೇಕೆಂಬ ಕಾನೂನನ್ನು ಪಾಲಿಸದವರ ಮೇಲಿನ ಮೊಕದ್ದಮೆ 1968ರಲ್ಲಿ ಮಾರ್ಕೆಟ್ಟಿ ಪ್ರಕರಣದಲ್ಲಿ ನಿಲ್ಲಲಿಲ್ಲ, ಮರುವರ್ಷ ಗಾಂಜಾ ತೆರಿಗೆಗೂ ಅದೇ ಗತಿಯಾಯಿತು.

ಬ್ಯಾಂಕಿನಲ್ಲೇ ಕತ್ತರಿಸಿದರೆ? ಕಾರ್ಡ್ ಜಾಲಗಳು ವ್ಯಾಪಾರಿಗಳಿಗೆ ನಾಲ್ಕಂಕಿಯ ಕೋಡ್ ಕೊಡುತ್ತವೆ, ವಯಸ್ಕರ ತಾಣಗಳು ಸಾಮಾನ್ಯವಾಗಿ ಬರುವುದು 5967ರಲ್ಲಿ. ಅದೇ ಕೋಡ್‌ನಲ್ಲಿ ಫೋನ್ ಮೂಲಕ ಮಾರುವ ಬೇರೆ ವ್ಯಾಪಾರಿಗಳೂ ಇದ್ದಾರೆ. ಸ್ಟೇಟ್‌ಮೆಂಟಿನಲ್ಲಿ ಕಾಣುವ ಹೆಸರು ತಾಣದ್ದಲ್ಲ, ಬಿಲ್ ವಸೂಲಿ ಮಾಡುವ ಮಧ್ಯದ ಕಂಪನಿಯದ್ದು. ಬಿಗಿ ಮಾಡಿದ ದಿನವೇ ಗಿಫ್ಟ್ ಕಾರ್ಡ್, ಕ್ರಿಪ್ಟೊ. ತಪ್ಪಿಸಿಕೊಳ್ಳುವುದು ಸುಲಭ, ತಪ್ಪಾಗಿ ಸಿಕ್ಕಿಬೀಳುವುದು ಇನ್ನೂ ಸುಲಭ.

ಕರ್ನಾಟಕ ಸರ್ಕಾರವೇ ಹಾಕಲಿ ಎನ್ನುವವರಿಗೆ ಒಂದೇ ಮಾತು: ಅಧಿಕಾರವಿಲ್ಲ. ರಾಜ್ಯಪಟ್ಟಿಯ 62ನೇ ನಮೂದು 101ನೇ ತಿದ್ದುಪಡಿಯಿಂದ ಸೊರಗಿದೆ. ಮನರಂಜನೆಯ ಮೇಲಿನ ತೆರಿಗೆ ಈಗ ಪಂಚಾಯಿತಿ, ನಗರಸಭೆಯಂಥ ಸ್ಥಳೀಯ ಸಂಸ್ಥೆಗಳು ಹಾಕಿ ವಸೂಲಿ ಮಾಡುವಷ್ಟಕ್ಕೆ ಸೀಮಿತ. ಹಿಂದೆ ಹಾಗಿರಲಿಲ್ಲ. ಬೇರೆ ರಾಜ್ಯಗಳ ಲಾಟರಿಗೆ ನಾವು 2004ರಲ್ಲಿ ತೆರಿಗೆ ಹಾಕಿದೆವು, 2007ರಲ್ಲಿ ಲಾಟರಿಯನ್ನೇ ನಿಲ್ಲಿಸಿದೆವು, ಆ ತೆರಿಗೆ ಸರಿ ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2022ರ ಮಾರ್ಚ್‌ನಲ್ಲಿ. ಈಗ ಮಂಡಳಿಯಲ್ಲಿ ನಾಲ್ಕನೇ ಮೂರರಷ್ಟು ಮತ ಬೇಕು, ಒಟ್ಟು ಮತದಲ್ಲಿ ಮೂರನೇ ಒಂದು ಕೇಂದ್ರದ್ದೇ.

ಬಂದ ದುಡ್ಡಾದರೂ ಎಷ್ಟು? ಲೆಕ್ಕಕ್ಕೆಂದು ಹೀಗೆ ಹಿಡಿಯೋಣ. ಕರ್ನಾಟಕದಲ್ಲಿ 1 ಲಕ್ಷ ಜನ ತಿಂಗಳಿಗೆ 500 ರೂಪಾಯಿ ಚಂದಾ ಕಟ್ಟುತ್ತಾರೆ ಎಂದರೆ ವರ್ಷಕ್ಕೆ 60 ಕೋಟಿ. 18ರಿಂದ 40ಕ್ಕೆ ಏರಿಸಿದರೆ ಹೆಚ್ಚುವರಿ 13.2 ಕೋಟಿ, ಯಾರೂ ಚಂದಾ ಬಿಡದಿದ್ದರೆ. ರಾಜ್ಯದ ಪಾಲು ಅರ್ಧ, 6.6 ಕೋಟಿ. 2025-26ರ ಬಜೆಟ್‌ನಲ್ಲಿ ಅಬಕಾರಿಯ ಗುರಿ 40,000 ಕೋಟಿ. ಆ ಲೆಕ್ಕದಲ್ಲಿ ಇದು ಅಬಕಾರಿ ಇಲಾಖೆಯ ಒಂದೂವರೆ ಗಂಟೆಯ ಸಂಪಾದನೆ. ದರದ ಬದಲು ಸೆಸ್ ರೂಪದಲ್ಲಿ ತಂದರೆ 270ನೇ ವಿಧಿಯ ಪ್ರಕಾರ ರಾಜ್ಯಗಳಿಗೆ ಹಂಚಲೇಬೇಕೆಂದಿಲ್ಲ, ಆ ಒಂದೂವರೆ ಗಂಟೆಯೂ ಹೋಯಿತು. ‘ಸಂತ್ರಸ್ತೆಯರಿಗೆ ಮೀಸಲಿಡಿ’ ಎನ್ನುವುದು ಒಳ್ಳೆಯ ಮಾತೇ, ಆದರೆ 2018-19ರಲ್ಲಿ 35 ಸೆಸ್‌ಗಳಿಂದ ಬಂದ ಸುಮಾರು 2.74 ಲಕ್ಷ ಕೋಟಿಯಲ್ಲಿ ಮೀಸಲು ನಿಧಿಗಳಿಗೆ ಹೋದದ್ದು 1.64 ಲಕ್ಷ ಕೋಟಿ ಎಂದು ಸಿಎಜಿಯೇ ಬರೆದಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾದೀತು.

ಹಾಗಾದರೆ ಏನೂ ಮಾಡಬಾರದೇ ಎಂದರೆ, ಮಾಡಬಹುದಾದ ಕೆಲಸ ನಮ್ಮ ಕಾನೂನು ಪುಸ್ತಕದಲ್ಲೇ ಇತ್ತು, ನಾವೇ ಹರಿದೆವು. 2016ರಿಂದ ಆನ್‌ಲೈನ್ ಜಾಹೀರಾತಿನ ಮೇಲೆ 6% ಸಮಾನೀಕರಣ ಲೆವಿ (ವಿದೇಶಿ ಕಂಪನಿಗೆ ಸಂದ ಹಣದ ಮೇಲಿನ ತೆರಿಗೆ) ಇತ್ತು; ಅದು ಮುಖ್ಯವಾಗಿ ಇಲ್ಲಿನ ಜಾಹೀರಾತುದಾರ ಕಟ್ಟಿದ ಹಣಕ್ಕೆ ಮಾತ್ರ ಎಟಕುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಂದ 2% ಲೆವಿ ಬೇರೆ ಜಾತಿಯದ್ದು. ಅದರ 165ಎ ಸೆಕ್ಷನ್‌ನಲ್ಲಿ ವಿದೇಶಿ ಕಂಪನಿಯೊಂದು ಇನ್ನೊಂದು ವಿದೇಶಿ ಕಂಪನಿಗೆ ಜಾಹೀರಾತು ಮಾರಿದರೂ, ಆ ಜಾಹೀರಾತು ಭಾರತದ ಐಪಿ ವಿಳಾಸದಿಂದ ನೋಡುವವರನ್ನು ಗುರಿಯಾಗಿಸಿದ್ದರೆ ಸಾಕು, ಲೆವಿ ಬೀಳುತ್ತಿತ್ತು. ವರ್ಷಕ್ಕೆ 2 ಕೋಟಿ ರೂಪಾಯಿ ದಾಟಿದ ವಹಿವಾಟಿಗೆ, ಮೂರು ತಿಂಗಳಿಗೊಮ್ಮೆ. ಪುಕ್ಕಟೆ ತಾಣದ ದುಡ್ಡು ಓಡುವ ಜಾಗಕ್ಕೆ ಸರಿಯಾಗಿ ಹಾಕಿದ ಕಟ್ಟೆ ಅದೊಂದೇ. ಇದು ತಾರತಮ್ಯ ಎಂದು ಅಮೆರಿಕದ ವಾಣಿಜ್ಯ ಪ್ರತಿನಿಧಿ ಕಚೇರಿ 2021ರ ಜನವರಿಯಲ್ಲಿ ಹೇಳಿತು. 2% ಲೆವಿ 2024ರ ಆಗಸ್ಟ್ 1ಕ್ಕೆ ಹೋಯಿತು, 6% 2025ರ ಏಪ್ರಿಲ್ 1ಕ್ಕೆ. ಹೋಗುವಾಗ ಅಶ್ಲೀಲ ತಾಣಗಳ ವಿಷಯ ಯಾರ ತಲೆಗೂ ಬಂದಂತಿಲ್ಲ.

ಅಂಥ ಜಾಹೀರಾತು ಲೆವಿಯನ್ನು ಮತ್ತೆ ತರಬೇಕು ಎಂಬುದು ನಮ್ಮ ವಾದ. ಅದರಲ್ಲಿ ‘ಅಶ್ಲೀಲ’ ಎಂಬ ಪದವೇ ಬೇಡ. ಜಾಹೀರಾತು ಭಾರತದ ಕಣ್ಣಿಗೆ ಬಿತ್ತೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ವ್ಯಾಖ್ಯಾನದ ಜಗಳವಿಲ್ಲ, ತಪ್ಪೊಪ್ಪಿಗೆಯ ತೊಡಕಿಲ್ಲ, ಸರ್ಕಾರ ಈ ದಂಧೆಗೆ ಪರವಾನಗಿ ಕೊಟ್ಟಿತು ಎಂಬ ಮಾತಿಗೂ ಜಾಗವಿಲ್ಲ. ಕಟ್ಟದವರನ್ನು ಏನು ಮಾಡುವುದು? 2023ರಲ್ಲಿ ಐಜಿಎಸ್‌ಟಿ ಕಾಯ್ದೆಗೆ ಸೇರಿದ 14ಎ ಸೆಕ್ಷನ್ ತೆರಿಗೆ ಕಟ್ಟದ ವಿದೇಶಿ ಗೇಮಿಂಗ್ ತಾಣಗಳನ್ನು ತಡೆಹಿಡಿಯಲು ದಾರಿ ಮಾಡಿದೆ. ಅದೇ ಮಾದರಿಯಲ್ಲಿ ಜಾಹೀರಾತು ಹಂಚುವ ಜಾಲದ ಡೊಮೇನ್‌ಗಳನ್ನು ತಡೆಯಬಹುದು. ತಾಣಗಳನ್ನೇ ತಡೆಯುವ ಆಟ ನೋಡಿಯಾಗಿದೆ: 2015ರ ಜುಲೈ 31ರಂದು 857 ತಾಣಗಳನ್ನು ಮುಚ್ಚಲು ಆದೇಶವಾಯಿತು, ವಾರದೊಳಗೆ ಸಡಿಲವಾಯಿತು, 2018ರಲ್ಲಿ ಉತ್ತರಾಖಂಡ ಹೈಕೋರ್ಟ್ ಆದೇಶದ ಮೇಲೆ 827 ಮತ್ತೆ ಮುಚ್ಚಿದವು, ಹೆಸರಿನಲ್ಲೊಂದು ಅಕ್ಷರ ಬದಲಿಸಿ ತೆರೆದುಕೊಂಡವು. ಜಾಹೀರಾತು ಜಾಲಗಳ ಸಂಖ್ಯೆ ಅಷ್ಟಿಲ್ಲ. ಅವೂ ಡೊಮೇನ್ ಬದಲಿಸುತ್ತವೆ, ಕೆಲವು ತಾಣಗಳು ಜಾಹೀರಾತನ್ನು ತಮ್ಮ ಸರ್ವರ್‌ನಲ್ಲೇ ಇಟ್ಟು ತೋರಿಸಬಹುದು, ಇದು ಗೊತ್ತಿರಲಿ. ಆದರೂ ಭಾರತದ ಫೋನಿನಲ್ಲಿ ಜಾಹೀರಾತು ತೆರೆಯದಿದ್ದರೆ ಭಾರತದ ವೀಕ್ಷಕ ಆ ತಾಣಕ್ಕೆ ಬರೀ ಬ್ಯಾಂಡ್‌ವಿಡ್ತ್ ಖರ್ಚು.

ಒಪ್ಪಿಗೆಯಿಲ್ಲದೆ ಹರಿದಾಡುವ ವಿಡಿಯೊಗಳಿಗೆ ತೆರಿಗೆಯಿಂದ ಯಾವ ಮದ್ದೂ ಇಲ್ಲ. ಅದಕ್ಕೆ 1930 ಸಹಾಯವಾಣಿ, ಸೈಬರ್ ಅಪರಾಧಗಳ ಸಿಇಎನ್ ಪೊಲೀಸ್ ಠಾಣೆ, ತಾಣದ ದೂರು ಅಧಿಕಾರಿ ಇದ್ದಾರೆ. ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದಾಗಲೇ ಬರೆದಿತ್ತು. ಅದಕ್ಕೆ ಬೇಕಾದ ಸಿಬ್ಬಂದಿಗೆ ದುಡ್ಡು ಮಾಮೂಲಿ ಬಜೆಟ್‌ನಿಂದಲೇ ಬರಬೇಕು.

ಕೊನೆಗೆ, ಹೊಸ ತೆರಿಗೆಯ ಮಾತಿಗಿಂತ ಮೊದಲು ಹಳೆಯದರ ಲೆಕ್ಕ ಕೊಡಿ. ಜಿಎಸ್‌ಟಿಆರ್-5ಎ ರಿಟರ್ನ್‌ನಲ್ಲಿ ರಾಜ್ಯ, ದರ, ಮೊತ್ತ, ತೆರಿಗೆ ಮತ್ತು ಸೆಸ್‌ಗೆ ಕಾಲಂ ಇವೆ. ನೋಡಿದವರ ಹೆಸರು ಅಲ್ಲಿಲ್ಲ, ಆ ಭಯ ಬೇಡ. ಮಾರಿದ್ದು ಏನೆಂಬುದೂ ಇಲ್ಲ. ಆದರೆ ಆರ್‌ಇಜಿ-10 ಅರ್ಜಿಯಲ್ಲಿ ಜಾಲತಾಣದ ವಿಳಾಸ ಬರೆಯುವ ಕಾಲಂ ಇದೆ. ಸಿಜಿಎಸ್‌ಟಿ ಕಾಯ್ದೆಯ 158ನೇ ಸೆಕ್ಷನ್ ಹೆಸರುಗಳನ್ನು ಬಯಲು ಮಾಡಬೇಡಿ ಎನ್ನುತ್ತದೆ, ಬರೀ ಸಂಖ್ಯೆ ಹೇಳಲು ಅಡ್ಡಿಯಾಗಬಾರದು. ವಯಸ್ಕರ ತಾಣಗಳಲ್ಲಿ ಎಷ್ಟು ನೋಂದಣಿ ಮಾಡಿಸಿವೆ, ಅವು 18% ಲೆಕ್ಕದಲ್ಲಿ ಕಟ್ಟಿದ್ದೆಷ್ಟು ಎಂಬ ಎರಡು ಅಂಕಿಗಳನ್ನು ಬೆಂಗಳೂರು ಪಶ್ಚಿಮ ಕಚೇರಿ ಆ ಅರ್ಜಿಗಳಿಂದ ಹೆಕ್ಕಿ ಪ್ರಕಟಿಸಲಿ.

ಇತಿ,
ಪರೋಕ್ಷ ತೆರಿಗೆ ಸಲಹೆಗಾರರಿಬ್ಬರು,
ಬಸವನಗುಡಿ, ಬೆಂಗಳೂರು